ಗಣೇಶಗುಡಿಗೆ ಜೋಡಿಸಿಕೊಟ್ಟ ಬಣ್ಣದ ಮಷೀನು

ಯಾವ ಪ್ರೊಸೆಸರ್ ಹಾಕಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಎಂದು ಆಕೆ ಕೇಳಿದಾಗ, ಮೊದಲು ಕ್ಯಾಮೆರಾದಿಂದ ಇಳಿಸಿದ ಒಂದು ಫೈಲು ಕೊಡಿ ಎಂದೆ. ದಾಂಡೇಲಿಯ ನನ್ನ ಅಂಗಡಿಗೆ ವಿಡಿಯೊ ಎಡಿಟಿಂಗ್ ಕಂಪ್ಯೂಟರ್ ಕೇಳಿಕೊಂಡು ಬರುವವರು ಹೆಚ್ಚಾಗಿ ಮದುವೆ ಶೂಟಿಂಗಿನವರು. ಅವರಿಗೇನು ಬೇಕೆಂಬುದು ನನಗೆ ಬಾಯಿಪಾಠ. ಈಕೆ ಬ್ಯಾಗಿನಿಂದ ಟವೆಲ್ಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ತೆಗೆದು, ಮಗುವನ್ನು ಮಲಗಿಸುವ ಹಾಗೆ ಕೌಂಟರಿನ ಮೇಲಿಟ್ಟರು.

ಅದರಲ್ಲಿದ್ದದ್ದು ಕಾಳಿ ನದಿ. ಆಕೆಯ ಗಂಡ ಜೋಯಿಡಾ ಕಡೆಯವರು. ಮೊದಲು ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಗೈಡ್ ಆಗಿದ್ದು, ಆಮೇಲೆ ಪ್ರವಾಸಿಗರ ವಿಡಿಯೊ ತೆಗೆಯುತ್ತ ಕ್ಯಾಮೆರಾ ಹಿಡಿದವರು. ಸುಪಾ ಅಣೆಕಟ್ಟಿನಿಂದ ಕೆಳಗೆ ನದಿ ಹೇಗೆಲ್ಲ ಬದಲಾಗುತ್ತದೆ ಎಂಬುದನ್ನು ಕೆಲವು ವರ್ಷ ಬಿಡದೆ ಚಿತ್ರಿಸಿದ್ದರು. ಹಳಿಯಾಳದವರಾದ ಈಕೆ ಎಡಿಟಿಂಗ್ ಕಲಿತವರು. ಹಳೇ ಲ್ಯಾಪ್‌ಟಾಪಿನಲ್ಲಿ ಚಿಕ್ಕ ಅಳತೆಯ ಪ್ರತಿಗಳನ್ನು ಇಟ್ಟುಕೊಂಡು ಇಡೀ ಚಿತ್ರವನ್ನು ಜೋಡಿಸಿ ಮುಗಿಸಿದ್ದರು. ಉಳಿದದ್ದು ಬಣ್ಣದ ಕೆಲಸ. ಆ ಕ್ಯಾಮೆರಾದ ಚಿತ್ರ ಮೂಲದಲ್ಲಿ ಬೂದಿ ಸವರಿದಂತೆ ಮಂಕಾಗಿರುತ್ತದೆ. ಬಣ್ಣವೆಲ್ಲ ಒಳಗೆ ಅಡಗಿರುತ್ತದೆ. ಅದನ್ನು ಒಂದೊಂದೇ ಶಾಟಿನಲ್ಲಿ ಕೂತು ಹೊರಗೆ ತರಬೇಕು. ಲ್ಯಾಪ್‌ಟಾಪಿಗೆ ಆ ಶಕ್ತಿ ಇರಲಿಲ್ಲ.

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸ್ಟುಡಿಯೊ ಬಾಡಿಗೆಗೆ ಹಿಡಿದರೆ ಹೊಸ ಮಷೀನೇ ಬೇಕಾಗುವುದಿಲ್ಲವಲ್ಲ ಎಂದು ಕೇಳಿದೆ. ಗಿರಾಕಿ ಕಳೆದುಕೊಳ್ಳುವ ಮಾತದು, ಆದರೂ ಕೇಳಲೇಬೇಕಿತ್ತು. ಆಕೆ ಟವೆಲ್ಲನ್ನು ಮಡಚುತ್ತ ಹೇಳಿದರು. ಗಂಡನಿಗೆ ಸಕ್ಕರೆ ಕಾಯಿಲೆ. ಅದರಿಂದ ಎಡಗಣ್ಣು ಹೋಗಿ ವರ್ಷವಾಗಿತ್ತು. ಈಗ ಬಲಗಣ್ಣಿನೊಳಗೂ ರಕ್ತ ಸೋರಲು ಶುರುವಾಗಿತ್ತು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಆಪರೇಷನ್ ಆಗಲೇಬೇಕೆಂದಿದ್ದರು, ಸಕ್ಕರೆ ಹಿಡಿತಕ್ಕೆ ಬರುವುದನ್ನು ಕಾಯುತ್ತಿದ್ದರು. ಎರಡು ವಾರವೋ ಮೂರು ವಾರವೋ. ಆಮೇಲೆ ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಅವರೂ ಖಾತ್ರಿ ಕೊಟ್ಟಿರಲಿಲ್ಲ.

"ಯಾವ ಹೊತ್ತಿನ್ಯಾಗ ನೀರಿಂದು ಯಾವ ಬಣ್ಣ ಇತ್ತು ಅನ್ನೂದು ಅವರೊಬ್ಬರಿಗೇ ಗೊತ್ರಿ, ಅಕ್ಕಾರ. ಅರ್ಧಾ ತಾಸು ನೋಡಿದ್ರ ಕಣ್ಣು ಸೋಲ್ತಾವ. ಸ್ಟುಡಿಯೊದಾಗ ಅದೆಲ್ಲಾ ನಡಿಯಂಗಿಲ್ಲ. ಮನ್ಯಾಗ ಆಗಬೇಕು, ಆಪರೇಷನ್ ಆಗೂದ್ರೊಳಗ ಆಗಬೇಕು."

ಆ ಫೈಲನ್ನು ನನ್ನ ಪರೀಕ್ಷೆಯ ಮಷೀನಿಗೆ ಹಾಕಿದೆ. ಅದರಲ್ಲಿ ನನ್ನಲ್ಲಿದ್ದ ಅತಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇತ್ತು. ನದಿ ಮೂರು ಹೆಜ್ಜೆ ನಡೆದು ನಿಂತಿತು, ಮತ್ತೆ ಮುಗ್ಗರಿಸಿತು. ಅನುಮಾನ ಬಂದು ಅದೇ ಫೈಲನ್ನು ಬಿಲ್ ಹೊಡೆಯುವ ನನ್ನ ಸಾಧಾರಣ ಕಂಪ್ಯೂಟರಿಗೆ ಹಾಕಿದರೆ ನೀರು ತಡೆಯಿಲ್ಲದೆ ಹರಿಯಿತು. ಆ ಬಗೆಯ ಫೈಲನ್ನು ಬಿಡಿಸುವ ವ್ಯವಸ್ಥೆ ದೊಡ್ಡ ಕಾರ್ಡಿನಲ್ಲಿ ಇರಲಿಲ್ಲ, ಬಿಲ್ಲಿನ ಕಂಪ್ಯೂಟರಿನ ಪ್ರೊಸೆಸರಿನೊಳಗೆ ಇತ್ತು. ಅಲ್ಲಿಗೆ ಪ್ರೊಸೆಸರ್ ಯಾವ ಜಾತಿಯದು ಎಂಬುದು ತೀರ್ಮಾನವಾಯಿತು. ಫೈಲು ನೋಡದೆ ಹೊರಟಿದ್ದರೆ ಅಲ್ಲೇ ಎಡವುತ್ತಿದ್ದೆ.

ಮಷೀನು ಕೂರುವ ಜಾಗ ನೋಡಲು ಮರುದಿನ ಗಣೇಶಗುಡಿಗೆ ಹೋದೆ. ಮೇ ತಿಂಗಳು. ಮಧ್ಯಾಹ್ನದ ಮೇಲೆ ಗುಡುಗು, ಆಮೇಲೆ ಕರೆಂಟು ಹೋಗುವುದು. ಅಣೆಕಟ್ಟಿನ ಬುಡದಲ್ಲೇ ಇದ್ದು ಕತ್ತಲಲ್ಲಿ ಕೂರುವುದು ಅಲ್ಲಿನವರಿಗೆ ರೂಢಿಯಾಗಿಬಿಟ್ಟಿದೆ. ಮನೆಯ ಹಿಂದಿನ ಕೋಣೆಗೆ ತಗಡಿನ ಮಾಡು, ಗೋಡೆಗೆ ಗಿಳಿಹಸಿರು ಬಣ್ಣ. ಆ ಬಣ್ಣ ನೋಡಿ ನನಗೆ ಗಾಬರಿಯಾಯಿತು. ಮಾನಿಟರಿನ ಹಿಂದೆ ಹಸಿರು ಗೋಡೆಯಿದ್ದರೆ ಕಣ್ಣು ಅದನ್ನೇ ತುಂಬಿಕೊಂಡು ಪರದೆಯ ಮೇಲಿನ ಹಸಿರನ್ನು ತಪ್ಪಾಗಿ ಅಳೆಯುತ್ತದೆ. ಬೂದು ಬಣ್ಣ ಹೊಡೆಸಬೇಕು, ಕಿಟಕಿಗೆ ದಪ್ಪ ಪರದೆ ಹಾಕಬೇಕು ಎಂದೆ. ನಾನು ಮರಳಿ ಬರುವಷ್ಟರಲ್ಲಿ ಆಕೆ ಅದನ್ನು ತಾವೇ ಹೊಡೆದು ಮುಗಿಸಿದ್ದರು.

ಗಂಡ ಎತ್ತರದ ಆಳು. ದೋಣಿ ಹುಟ್ಟು ಹಾಕಿದ ಭುಜ ಇನ್ನೂ ಹಾಗೇ ಇತ್ತು. ಕುರ್ಚಿಯಲ್ಲಿ ತಲೆಯನ್ನು ಒಂದು ಕಡೆಗೆ ತುಸು ವಾಲಿಸಿ ಕೂತು, ಉಳಿದ ಕಣ್ಣಿನಿಂದ ನನ್ನತ್ತ ನೋಡುತ್ತಿದ್ದರು. ನಾನು ಬಿಡಿಭಾಗಗಳ ಬಗ್ಗೆ ವಿವರಿಸುತ್ತ ಹೋದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕೋಣ, ಕೆಲಸ ಬೇಗ ಆಗುತ್ತದೆ, ಮಾನಿಟರು ಸದ್ಯ ಸಾಧಾರಣದ್ದು ಇರಲಿ ಎಂದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಾ ನೋಡಿದ ಬಣ್ಣ ಖರೇನ ಆ ಬಣ್ಣ ಐತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?"

ವಾಪಸು ಬರುವಾಗ ದಾರಿಯುದ್ದಕ್ಕೂ ಲೆಕ್ಕವನ್ನು ತಿರುವಿಹಾಕಿದೆ. ಅವರಿಗೆ ಕೊರತೆ ಇದ್ದದ್ದು ವೇಗದ್ದಲ್ಲ. ದೊಡ್ಡ ಕಾರ್ಡ್ ಬಿಟ್ಟು ನಡುವಿನದಕ್ಕೆ ಇಳಿದೆ, ಉಳಿದ ದುಡ್ಡನ್ನು ಬಣ್ಣದ ಕೆಲಸಕ್ಕೆಂದೇ ಮಾಡಿದ ಮಾನಿಟರಿಗೆ ಹಾಕಿದೆ. ಆ ಮಾನಿಟರನ್ನೂ ಅಳೆದು ಸರಿಪಡಿಸುವ ಒಂದು ಪುಟ್ಟ ಉಪಕರಣ ಬೇಕು. ಅಂಗೈಯಷ್ಟು ದೊಡ್ಡದು, ಪರದೆಗೆ ಆನಿಸಿಟ್ಟರೆ ಅದು ತೋರಿಸುವ ಬಣ್ಣವನ್ನು ಓದಿ ತಪ್ಪು ಎಷ್ಟೆಂದು ಹೇಳುತ್ತದೆ. ನಮ್ಮ ಸುತ್ತಮುತ್ತ ಅದಿದ್ದದ್ದು ಒಬ್ಬರ ಬಳಿ ಮಾತ್ರ.

ಮುಂಡಗೋಡದ ಟಿಬೆಟನ್ ಕಾಲೊನಿಯ ಮಠವೊಂದರಲ್ಲಿ ಪ್ರವಚನಗಳನ್ನು ಚಿತ್ರಿಸಿ ಇಡುವ ಒಬ್ಬ ಲಾಮಾ ಇದ್ದಾರೆ. ಹಾರ್ಡ್ ಡಿಸ್ಕಿಗೆಂದು ನನ್ನ ಅಂಗಡಿಗೆ ಬರುವವರು. ಕಾಲೊನಿಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರ ಕನ್ನಡ ನನ್ನ ಕನ್ನಡವೇ. ಅವರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರಿಗೂ ಆ ವಾರ ಅದರ ಕೆಲಸವಿತ್ತು, ಮಾನಿಟರಿನ ಎದುರೇ ಅದು ತೂಗುತ್ತಿತ್ತು. ಯಾರಿಗೆ, ಯಾಕೆ ಎಂದು ವಿವರವಾಗಿ ಕೇಳಿದರು. ಆಮೇಲೆ ಎದ್ದು ವೈರು ಬಿಚ್ಚಿ ಸುತ್ತಿ, "ಒಯ್ರಿ. ನಮ್ಮ ಕೆಲಸ ತಡಾ ಆದ್ರೂ ನಡೀತೈತಿ" ಎಂದು ನನ್ನ ಕೈಗಿಟ್ಟರು.

ಹುಬ್ಬಳ್ಳಿಯಲ್ಲಿ ಎಲ್ಲ ಸಿಕ್ಕಿತು, ರ‍್ಯಾಮ್ ಒಂದು ಬಿಟ್ಟು. ನಾನು ಕೇಳಿದ್ದು ದೊಡ್ಡ ಅಳತೆಯ ಒಂದು ಜೋಡಿ. ಅದು ಬೆಂಗಳೂರಿನಿಂದ ಬರಬೇಕು, ವಾರವಾದರೂ ಬೇಕು ಎಂದು ಅಂಗಡಿಯ ಹಿರಿಯರು ಹೇಳಿದರು. ಅದೇ ಕಂಪನಿಯ ಚಿಕ್ಕ ಅಳತೆಯ ಎರಡು ಜೋಡಿ ಇದ್ದವು. ನಾಲ್ಕನ್ನೂ ಹಾಕಿದರೆ ಒಟ್ಟು ಅಷ್ಟೇ ಆಗುತ್ತಿತ್ತು. ನಾಲ್ಕು ಪಟ್ಟಿ ತುಂಬಿದರೆ ಮದರ್‌ಬೋರ್ಡಿಗೆ ಹೊರೆ ಹೆಚ್ಚು, ವೇಗ ಇಳಿಸಬೇಕಾಗುತ್ತದೆ ಎಂಬುದು ಗೊತ್ತಿತ್ತು. ಒಂದು ವಾರ ಕಾಯುವ ಸ್ಥಿತಿ ಇರಲಿಲ್ಲ; ದೊಡ್ಡ ಜೋಡಿಗೆ ಹೇಳಿಟ್ಟು, ಸದ್ಯಕ್ಕೆ ಆ ನಾಲ್ಕನ್ನೇ ತಂದೆ. ಜೋಡಿಸಿ, ವೇಗವನ್ನು ಒಂದು ಮೆಟ್ಟಿಲು ಇಳಿಸಿ, ಮೆಮೊರಿ ಪರೀಕ್ಷೆಗೆ ಹಚ್ಚಿದೆ. ನನ್ನ ಅಂಗಡಿ ಹಳೇ ಕಲ್ಲುಕಟ್ಟಡದ ನೆಲಮಹಡಿಯಲ್ಲಿದೆ, ಮೇ ತಿಂಗಳಲ್ಲೂ ತಂಪು. ಒಂದೂ ತಪ್ಪಿಲ್ಲದೆ ಪರೀಕ್ಷೆ ಮುಗಿಯಿತು.

ಗಣೇಶಗುಡಿಯ ಬೂದು ಕೋಣೆಯಲ್ಲಿ ಮಷೀನು ಇಳಿಸಿದ ದಿನ ಚೆನ್ನಾಗಿತ್ತು. ಲಾಮಾ ಕೊಟ್ಟ ಉಪಕರಣವನ್ನು ಮಾನಿಟರಿಗೆ ತೂಗುಹಾಕಿ ಬಣ್ಣ ಸರಿಪಡಿಸಿದೆ. ಆಕೆ ಹಳೆಯ ಎರಡು ಡಿಸ್ಕುಗಳಲ್ಲಿ ಒಂದರಿಂದ ಮೂಲ ಫೈಲುಗಳನ್ನು ಹೊಸ ಮಷೀನಿಗೆ ಇಳಿಸಿಕೊಂಡರು. ಮೊದಲ ಶಾಟ್ ತೆರೆದಾಗ ಗಂಡ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, ಮುಖವನ್ನು ಗೇಣು ದೂರಕ್ಕೆ ತಂದು ನೋಡಿದರು. ಬಂಡೆಯ ನೆರಳಿನಲ್ಲಿ ನೀಲಿ ಹೆಚ್ಚಿದೆ, ತೆಗೆ ಎಂದರು. ಆಕೆ ತೆಗೆದರು. ಇನ್ನೂ ಸ್ವಲ್ಪ. ಹಾಂ, ನಿಲ್ಲಿಸು. ಬೂದಿಯೊಳಗಿಂದ ಬೆಳಗಿನ ನದಿ ಎದ್ದು ಬಂತು. ಗಂಡ ಹೆಂಡತಿ ಇಬ್ಬರೂ ನನ್ನನ್ನು ಮರೆತುಬಿಟ್ಟಿದ್ದರು. ನಾನು ಸದ್ದಿಲ್ಲದೆ ಚೀಲ ಎತ್ತಿಕೊಂಡು ಬಂದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಫೋನು ಬಂತು. ಮುಗಿದ ಭಾಗವನ್ನು ಒಂದು ಫೈಲಾಗಿ ಹೊರತೆಗೆಯಲು ಹೋದರೆ ಮಷೀನು ಅರ್ಧಕ್ಕೆ ನಿಲ್ಲುತ್ತಿದೆ. ಒಮ್ಮೆ ತಾನಾಗಿಯೇ ಆಫ್ ಆಗಿ ಆನ್ ಆಯಿತು. ಗುಡುಗಿನ ಕಾಲ. ನನ್ನ ಅನುಮಾನ ನೇರ ಕರೆಂಟಿನ ಮೇಲೆ ಹೋಯಿತು. ಅವರ ಮನೆಯ ಹಳೇ ಯುಪಿಎಸ್ ತೆಗೆದು ಒಳ್ಳೆಯದೊಂದನ್ನು ಒಯ್ದು ಹಾಕಿದೆ. ಮರುದಿನ ಮತ್ತೆ ಅದೇ ಕತೆ. ಎಸ್‌ಎಂಪಿಎಸ್ ಬದಲಿಸಿದೆ, ಅಂದರೆ ಒಳಗಿನ ಎಲ್ಲ ಭಾಗಗಳಿಗೆ ವಿದ್ಯುತ್ ಹಂಚುವ ಡಬ್ಬಿಯನ್ನು. ನಾನು ಎದುರಿಗೆ ಕೂತಿರುವಷ್ಟು ಹೊತ್ತು ಸರಿಯಾಗಿ ಓಡಿತು. ಬೆಳಗಿನ ಹೊತ್ತದು. ದಾಂಡೇಲಿಗೆ ಬಂದು ತಲುಪುವಷ್ಟರಲ್ಲಿ ಮತ್ತೆ ನಿಂತಿತ್ತು.

ಮುಂದಿನ ಫೋನಿನಲ್ಲಿ ಆಕೆಯ ದನಿ ಬೇರೆಯಾಗಿತ್ತು. ಮಷೀನಿನ ಸುದ್ದಿ ಎತ್ತಲಿಲ್ಲ. ಗಂಡ ಬಣ್ಣದ ಕೆಲಸ ಬಿಟ್ಟುಬಿಟ್ಟಿದ್ದಾರೆ ಎಂದರು. ಸಾಕು, ಇದ್ದಷ್ಟು ಇರಲಿ, ಕಣ್ಣು ಮುಗೀತು ಎನ್ನುತ್ತಾರೆ, ಏನಾಯಿತೆಂದು ಕೇಳಿದರೆ ಹೇಳುತ್ತಿಲ್ಲ. ಊಟವೂ ಸರಿಯಿಲ್ಲ, ಸಕ್ಕರೆ ಮತ್ತೆ ಏರಿದೆ. ನೀವು ಬಂದು ಏನು ಮಾಡಬೇಕೋ ಗೊತ್ತಿಲ್ಲ, ಆದರೂ ಬನ್ನಿ ಎಂದರು.

ಹೋದಾಗ ಮಧ್ಯಾಹ್ನದ ಉರಿ. ತಗಡು ಕಾದು ಕೋಣೆ ಒಲೆಯಂತಾಗಿತ್ತು. ಅವರು ಮೂಲೆಯ ಮಂಚದ ಮೇಲೆ ಗೋಡೆಗೊರಗಿ, ಕಣ್ಣು ಮುಚ್ಚಿ ಕೂತಿದ್ದರು. ಮಾತಾಡಿಸಿದರೆ ತಲೆಯಾಡಿಸಿದರು. ನಾನು ಮಷೀನಿನ ಮುಂದೆ ಕೂತು, ಕೆಲಸ ಆದ ಭಾಗವನ್ನು ಮೊದಲಿನಿಂದ ಓಡಿಸಲು ಆಕೆಗೆ ಹೇಳಿದೆ. ಆಕೆಯ ಗಮನ ಎಂದಿನಂತೆ ಕೆಳಗಿನ ಪಟ್ಟಿಗಳ ಮೇಲೆ, ಯಾವ ಬಣ್ಣ ಎಷ್ಟಿದೆ ಎಂದು ತೋರಿಸುವ ಅಳತೆಯ ಗೆರೆಗಳ ಮೇಲೆ. ನಾನು ಚಿತ್ರವನ್ನೇ ನೋಡುತ್ತಿದ್ದೆ. ನೀರು ಬಂಡೆಗೆ ಬಡಿದು ತಿರುಗುವ ಒಂದು ಶಾಟಿನಲ್ಲಿ, ಎಡಕ್ಕೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಏನೋ ಬಂದು ಹೋಯಿತು.

"ತಡೀರಿ, ಹಿಂದ ಒಯ್ರಿ" ಎಂದೆ.

ಹಿಂದೆ ಒಯ್ದು ಮತ್ತೆ ಓಡಿಸಿದರು. ಏನೂ ಇರಲಿಲ್ಲ. ಮತ್ತೊಮ್ಮೆ ಓಡಿಸಿದರೂ ಇಲ್ಲ. ಬಿಸಿಲಲ್ಲಿ ಬಂದಿದ್ದಕ್ಕೆ ನನ್ನ ಕಣ್ಣೇ ಆಡಿತೇನೋ ಅಂದುಕೊಂಡೆ. ಮುಂದಕ್ಕೆ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಇನ್ನೊಂದು ಶಾಟಿನಲ್ಲಿ, ಈ ಸಲ ಬಲಕ್ಕೆ, ಮತ್ತೆ. ಈ ಸಲ ನಾನು ಉಸಿರು ಬಿಗಿಹಿಡಿದಿದ್ದೆನೇನೋ, ಹಿಂದಿನಿಂದ ಅವರ ದನಿ ಕೇಳಿತು.

"ಅಕ್ಕಾರ, ನಿಮಗೇನರ ಕಂಡ್ತೇನ್ರಿ?"

"ನೇರಳಿ ಬಣ್ಣದ್ದು. ಸಣ್ಣ ಚೌಕ ಇದ್ದಂಗ."

ಮಂಚ ಕಿರುಗುಟ್ಟಿತು. ಅವರು ಎದ್ದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ಚೌಕ?" ಎಂದು ಕೇಳಿದರು. "ಮೂಲಿ ಇದ್ದಂಗ? ದುಂಡಗಲ್ಲ?"

"ಚೌಕನ ರೀ. ಇಸ್ಕೇಲ್ ಹಚ್ಚಿ ಕೊರದಂಗ."

ಅವರು ಮತ್ತೆ ಮಂಚದ ಅಂಚಿಗೆ ಕೂತರು. ಆಮೇಲೆ ಹೇಳಿದ್ದು ಇಷ್ಟು. ನಾಲ್ಕು ದಿನದಿಂದ ಅವರಿಗೆ ಅದು ಕಾಣುತ್ತಿತ್ತು. ಕಣ್ಣಿನಲ್ಲಿ ರಕ್ತ ಸೋರಿದಾಗ ಕಪ್ಪು ದಾರದಂಥವು ತೇಲುವುದು ಅವರಿಗೆ ಅಭ್ಯಾಸ. ಇದು ಹೊಸದು, ಬಣ್ಣದ್ದು, ಎಲ್ಲೆಂದರಲ್ಲಿ ಬಂದು ಮಾಯವಾಗುವುದು. ಹೆಂಡತಿಯನ್ನು ಕೇಳಿದರೆ ತನಗೇನೂ ಕಾಣಲಿಲ್ಲ ಎಂದಿದ್ದರು. ಆಕೆಯ ಕಣ್ಣು ಆಗ ಗೆರೆಗಳ ಮೇಲಿತ್ತು. ಎರಡನೇ ಸಲ ಕೇಳುವ ಧೈರ್ಯ ಅವರಿಗಾಗಲಿಲ್ಲ. ಕಣ್ಣಿನ ಹಿಂಪರದೆ, ಅಂದರೆ ರೆಟಿನಾ, ಕಿತ್ತುಬರುತ್ತಿದೆ, ಹಾಗಾಗಬಹುದೆಂದು ಡಾಕ್ಟರು ಎಚ್ಚರಿಸಿದ್ದ ಹೊತ್ತು ಬಂತು ಎಂದು ತೀರ್ಮಾನಿಸಿ ಬಾಯಿ ಕಟ್ಟಿಕೊಂಡು ಕೂತಿದ್ದರು.

"ಅದು ನಿಮ್ಮ ಕಣ್ಣಲ್ರಿ, ಮಷೀನು" ಎಂದೆ.

ಆಕೆ ಮೌಸ್ ಬಿಟ್ಟು ಎದ್ದು ಅಡುಗೆಮನೆಗೆ ಹೋದರು. ಕೊಡದಿಂದ ನೀರು ತೆಗೆಯುವ ಸದ್ದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

ನನಗೆ ಸಮಾಧಾನಪಡಲು ಬಿಡುವಿರಲಿಲ್ಲ. ನೇರಳೆ ಚೌಕ ಎಂದರೆ ಯಾವುದೋ ಭಾಗ ಲೆಕ್ಕ ತಪ್ಪುತ್ತಿದೆ ಎಂದರ್ಥ. ಕರೆಂಟಿನ ತೊಂದರೆಯಾಗಿದ್ದರೆ ಮಷೀನು ನಿಲ್ಲುತ್ತಿತ್ತೇ ಹೊರತು ಚಿತ್ರದಲ್ಲಿ ಚೌಕ ಬೀಳುತ್ತಿರಲಿಲ್ಲ. ಅದೇ ಕಾದ ಕೋಣೆಯಲ್ಲಿ ಮೆಮೊರಿ ಪರೀಕ್ಷೆ ಹಚ್ಚಿದೆ. ಅಂಗಡಿಯ ತಂಪಿನಲ್ಲಿ ಪಾಸಾಗಿದ್ದ ನಾಲ್ಕು ರ‍್ಯಾಮ್ ಪಟ್ಟಿಗಳು ತಗಡಿನ ಕೆಳಗೆ ಚಹಾ ಕುಡಿಯುವಷ್ಟರಲ್ಲಿ ಸೋತವು. ಪರದೆಯ ತುಂಬ ಕೆಂಪು ಸಾಲುಗಳು ಒಂದರ ಹಿಂದೊಂದು ಏರತೊಡಗಿದವು.

ಆಗ ಇನ್ನೂ ದೊಡ್ಡ ಭಯ ಹೊಳೆಯಿತು. ಯಾವ ಫೈಲನ್ನು ನಕಲು ಮಾಡಿದರೂ ಅದು ಈ ರ‍್ಯಾಮ್ ಮೂಲಕವೇ ಹಾದು ಹೋಗಬೇಕು. ಹಾಗಾದರೆ ಮೊದಲ ದಿನ ಇಳಿಸಿಕೊಂಡ ಮೂಲ ಫೈಲುಗಳು? ಹಳೇ ಡಿಸ್ಕುಗಳನ್ನು ಕೇಳಿದೆ. ಆಕೆ ಸ್ಟೀಲ್ ಡಬ್ಬಿಯಿಂದ ತೆಗೆದು ತಂದರು. ಒಂದು ಡಿಸ್ಕನ್ನು ಹಿಂದಿನ ದಿನವಷ್ಟೇ ಖಾಲಿ ಮಾಡಿದ್ದರು. ಹೊಸ ಮಷೀನಿನಲ್ಲಿ ಎಲ್ಲ ಇದೆಯಲ್ಲ, ಆದ ಕೆಲಸವನ್ನು ಬೇರೆ ಕಡೆಯೂ ಇಟ್ಟುಕೊಳ್ಳೋಣ ಎಂದು ಅದರ ಮೇಲೇ ಬರೆದುಬಿಟ್ಟಿದ್ದರು. ಉಳಿದದ್ದು ಒಂದೇ ಡಿಸ್ಕು. ಅದು ಹಳೆಯದು, ತಿರುಗುವಾಗ ಒಳಗೆ ಟಿಕ್ ಟಿಕ್ ಎನ್ನುತ್ತಿತ್ತು.

ಅದೃಷ್ಟಕ್ಕೆ ಎರಡು ಡಿಸ್ಕುಗಳಲ್ಲೂ ಒಂದೊಂದು ಪೂರ್ತಿ ಪ್ರತಿ ಇಟ್ಟಿದ್ದರಿಂದ ಇದರಲ್ಲೂ ಎಲ್ಲ ಶಾಟುಗಳಿದ್ದವು. ನನ್ನ ಲ್ಯಾಪ್‌ಟಾಪಿಗೆ ಅದನ್ನು ಜೋಡಿಸಿ, ಮೂಲವನ್ನೂ ನಕಲನ್ನೂ ತಾಳೆ ನೋಡುವ ತಂತ್ರಾಂಶ ಓಡಿಸಿ, ಕೆಲವನ್ನಷ್ಟೇ ಪರೀಕ್ಷಿಸಿದೆ. ಬಹುಪಾಲು ಸರಿಯಾಗಿದ್ದವು, ಒಂದೆರಡು ಹೊಂದಲಿಲ್ಲ. ಯಾವುವು ಕೆಟ್ಟಿವೆ ಎಂದು ಪೂರ್ತಿ ತಿಳಿಯಲು ಆ ಮುದಿ ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಓದಿಸಬೇಕು. ಅದು ಇನ್ನೆಷ್ಟು ಸಲ ಓದಿಸಿಕೊಳ್ಳುತ್ತದೋ ಗೊತ್ತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗವೂ ಇರಲಿಲ್ಲ.

ಹುಬ್ಬಳ್ಳಿಗೆ ಫೋನು ಹಚ್ಚಿದರೆ ದೊಡ್ಡ ಜೋಡಿ ಇನ್ನೂ ಬಂದಿರಲಿಲ್ಲ. ನಾನು ಮಷೀನು ಬಿಚ್ಚಿ ಒಂದು ಜೋಡಿ ಕಿತ್ತು ಹೊರಗಿಟ್ಟೆ. ಉಳಿದ ಜೋಡಿಯ ವೇಗವನ್ನು ತಯಾರಕರು ಹೇಳಿದ ಕನಿಷ್ಠಕ್ಕೆ ಇಳಿಸಿದೆ. ಮಷೀನು ಎದ್ದಿತು. ಚಿತ್ರ ಓಡಿತು, ಚೌಕ ಕಾಣಲಿಲ್ಲ.

ಆಕೆ ಡಿಸ್ಕಿನ ವೈರು ಕೈಯಲ್ಲಿ ಹಿಡಿದೇ ನಿಂತಿದ್ದರು. ಈಗಲೇ ಇಳಿಸಿಕೊಂಡುಬಿಡೋಣ, ಇವತ್ತೇ ಕೆಲಸ ಶುರು ಮಾಡೋಣ ಎಂದರು. ನಾಲ್ಕು ದಿನ ಹಾಳಾಗಿತ್ತು, ಆಸ್ಪತ್ರೆಯಿಂದ ಯಾವಾಗ ಬೇಕಾದರೂ ಕರೆ ಬರಬಹುದಿತ್ತು. ಆಕೆ ಹೇಳುವುದರಲ್ಲಿ ತಪ್ಪಿರಲಿಲ್ಲ. ಆದರೆ ಒಮ್ಮೆ ನನ್ನನ್ನು ನಂಬಿಸಿ ಕೈಕೊಟ್ಟ ಮಷೀನು ಅದು. ಈಗಲೂ ಸರಿಯಿದೆ ಎಂದು ಕಾಣುತ್ತಿತ್ತು ಅಷ್ಟೆ. ಸರಿಯಿದೆ ಎಂದು ಗೊತ್ತಿರಲಿಲ್ಲ. ನಾನು ವೈರನ್ನು ಆಕೆಯ ಕೈಯಿಂದ ತೆಗೆದುಕೊಂಡೆ.

"ಇಲ್ರಿ. ನಾಳಿ ಸಂಜೀತನಕ ಇದು ಬರೇ ಪರೀಕ್ಷಾ ಮಾಡ್ಲಿ. ನಾಳಿ ಬಿಸಿಲೂ ಇದರ ಮ್ಯಾಲ ಹಾದು ಹೋಗ್ಲಿ. ಅಲ್ಲೀತನಕ ಈ ಡಿಸ್ಕ್ ಯಾರೂ ಹಚ್ಚೂದು ಬ್ಯಾಡ."

"ಒಂದು ದಿವಸ ಅಂದ್ರ ನಮಗ ಎಷ್ಟು ಅಂತ ನಿಮಗ ಗೊತ್ತೈತೇನ್ರಿ?" ಎಂದರು ಆಕೆ. ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ತಾಗಿತು.

ಗೊತ್ತಿತ್ತು. ಗಂಡನೇ ನಡುವೆ ಬಂದರು. "ಅಕ್ಕಾರು ಹೇಳಿದಂಗ ಮಾಡು. ನೀರಿಗೆ ದೋಣಿ ಇಳಸೂಕಿಂತ ಮೊದಲ ನಾ ಯಾರ ಮಾತೂ ಕೇಳ್ತಿದ್ದಿಲ್ಲ, ಗಾಳಿ ತುಂಬಿ ಒತ್ತಿ ನೋಡೇ ನೋಡ್ತಿದ್ದೆ" ಎಂದರು.

ಮರುದಿನದ ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಬೇಕೆಂದೇ ಕಿಟಕಿ ಮುಚ್ಚಿಸಿ ಕೋಣೆಯನ್ನು ಕಾಯಿಸಿದೆ. ಪೇಪರ್ ಮಿಲ್ಲಿನ ಪಾಳಿ ಮುಗಿಸಿ ನಮ್ಮ ಮನೆಯವರು ಫೋನು ಮಾಡಿ, ಇನ್ನೂ ಅಲ್ಲೇ ಏನು ಮಾಡುತ್ತಿದ್ದೀ ಎಂದು ಕೇಳಿದರು. ಸುಮ್ಮನೆ ಒಂದು ಪರದೆ ನೋಡುತ್ತಿದ್ದೇನೆ ಎಂದೆ. ಅದು ನಿಜವೂ ಆಗಿತ್ತು. ಅಂಕಿ ಏರುತ್ತಿತ್ತು, ತಪ್ಪಿನ ಜಾಗದಲ್ಲಿ ಸೊನ್ನೆ. ಒಂದು ಕೆಂಪು ಸಾಲು ಬಂದರೂ ಮದರ್‌ಬೋರ್ಡಿನ ಮೇಲೆ ಅನುಮಾನ ಬೀಳುತ್ತಿತ್ತು, ಅದನ್ನು ಬದಲಿಸುವಷ್ಟು ಸಮಯ ಅವರಲ್ಲಿ ಇರಲಿಲ್ಲ. ಸಂಜೆಯ ಗಾಳಿ ಎದ್ದು ತಗಡು ಟಪ್ ಟಪ್ ಎಂದು ತಣಿಯುವವರೆಗೂ ಆ ಸೊನ್ನೆ ಕದಲಲಿಲ್ಲ.

ಆಮೇಲೆ ಡಿಸ್ಕು ಹಚ್ಚಿದೆವು. ಬಿಸಿಯಾದರೆ ಅದು ಓದುವುದನ್ನು ನಿಲ್ಲಿಸುತ್ತಿತ್ತು, ತೆಗೆದು ಆರಿಸಿ ಮತ್ತೆ ಹಚ್ಚಬೇಕು. ಒಂದೊಂದು ಫೈಲು ಬಂದ ಹಾಗೂ ತಾಳೆ ನೋಡಿದೆವು. ಕೊನೆಯವರೆಗೂ ಒಂದು ಶಾಟ್ ಮಾತ್ರ ಬರಲೇ ಇಲ್ಲ. ಮೊದಲ ದಿನ ಹೊಸ ಮಷೀನಿಗೆ ಇಳಿಸಿಕೊಂಡಿದ್ದ ಅದರ ನಕಲೂ ಕೆಟ್ಟಿತ್ತು. ಮಳೆಗಾಲದ ಮೊದಲ ಕೆಂಪು ನೀರು ಬಂದ ದಿನ, ಒಂದು ಮರದ ದಿಮ್ಮಿ ತೇಲಿಕೊಂಡು ಹೋಗುವುದು. ಆಕೆ ಅದನ್ನು ಮತ್ತೆ ಮತ್ತೆ ಪ್ರಯತ್ನಿಸಿದರು. "ಅದನ್ನ ಬಿಡು. ಮುಂದಿಂದು ಹಾಕು" ಎಂದರು ಗಂಡ.

ಅರ್ಧ ರ‍್ಯಾಮ್, ಇಳಿಸಿದ ವೇಗ. ಮುಸ್ಸಂಜೆಯ ಶಾಟುಗಳಲ್ಲಿ ಕಾಳುಕಾಳಾಗಿ ಕಾಣುವುದನ್ನು ಅಳಿಸಲು ಹೋದರೆ ಮಷೀನು ಏದುಸಿರು ಬಿಡುತ್ತಿತ್ತು. ಅವರು ತಮಗೆ ಓಡುವ ಚಿತ್ರ ಬೇಡ, ನಿಂತ ಚಿತ್ರ ಸಾಕು ಎಂದರು. ಪ್ರತಿ ಶಾಟಿನಲ್ಲಿ ಒಂದು ಚಿತ್ರ ನಿಲ್ಲಿಸಿ ಬಣ್ಣ ತೀರ್ಮಾನಿಸುವುದು, ಅವರು ಮಲಗಿ ಕಣ್ಣಿಗೆ ವಿಶ್ರಾಂತಿ ಕೊಡುವಾಗ ಆಕೆ ಅದನ್ನು ಪೂರ್ತಿ ಶಾಟಿಗೆ ಹರಡುವುದು. ಕಳೆದ ನಾಲ್ಕು ದಿನದಲ್ಲಿ ಕಣ್ಣನ್ನು ಅನುಮಾನಿಸುತ್ತ ಅವರು ಬಣ್ಣಗಳನ್ನೆಲ್ಲ ಮಂಕು ಮಾಡುತ್ತ ಬಂದಿದ್ದರು. ಅದನ್ನೂ ತಿದ್ದಬೇಕಾಯಿತು. ಆದರೆ ಈಗ ಅವರ ದನಿಯಲ್ಲಿ ಅಳುಕಿರಲಿಲ್ಲ. ನಾನು ಒಂದು ದಿನ ಹೋದಾಗ, ಏನಾದರೂ ಕಾಣುತ್ತಿದೆಯೇ ಎಂದು ಕೇಳಿದ್ದಕ್ಕೆ, "ಚೌಕ ಇದ್ರ ನಿಮ್ಮದು, ದಾರ ಇದ್ರ ನಂದು. ಈಗ ಬರೇ ದಾರ ಅದಾವ್ರಿ" ಎಂದು ನಕ್ಕರು.

ಆಸ್ಪತ್ರೆಯಿಂದ ಕರೆ ಬಂದಾಗ ಕೊನೆಯ ಭಾಗ ಉಳಿದಿತ್ತು. ಬೇಸಿಗೆಯಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಮರಗಳ ನಡುವೆ ಅದು ತುಂಬಿಕೊಂಡು ಬರುವ ದೃಶ್ಯ. ನಾಳೆಯೇ ಬಂದು ದಾಖಲಾಗಿ ಎಂದಿದ್ದರು. ಇನ್ನೆರಡು ದಿನ ಕೇಳೋಣ ಎಂದು ಅವರು ಹಟ ಹಿಡಿದರಂತೆ. ಆಕೆ ಒಪ್ಪಲಿಲ್ಲವಂತೆ. ಚಿತ್ರ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಕಣ್ಣು ಒಂದು ದಿನವೂ ತಡವಾಗಬಾರದು ಎಂದರಂತೆ. ಇದನ್ನೆಲ್ಲ ಆಕೆ ಆಮೇಲೆ ಹೇಳಿದ್ದು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಗಾಡಿ ಬರುವ ಮೊದಲು ಅವರು ಹೆಂಡತಿಯ ಹೆಗಲು ಹಿಡಿದು ನದಿಗೆ ಇಳಿದರು. ಅವತ್ತೂ ನೀರು ಬಿಟ್ಟಿದ್ದರು. ಆಕೆಯನ್ನು ಒಂದು ಬಂಡೆಯ ಮೇಲೆ ನಿಲ್ಲಿಸಿ, ಎಲ್ಲಿ ನೋಡಬೇಕು, ಬಿಸಿಲು ಎಷ್ಟು ಮೇಲೆ ಬಂದಾಗ ನೋಡಬೇಕು, ನೆರಳಿನ ಅಂಚಿನಲ್ಲಿ ಹಸಿರು ಹೇಗೆ ತಿರುಗುತ್ತದೆ ಎಂದು ತೋರಿಸಿದರು. ಮದುವೆಯಾಗಿ ಇಷ್ಟು ವರ್ಷ ನದಿಯ ಪಕ್ಕದಲ್ಲೇ ಇದ್ದರೂ ಆ ಹೊತ್ತಿನಲ್ಲಿ ಆಕೆ ಅಲ್ಲಿ ನಿಂತು ನೋಡಿದ್ದು ಅದೇ ಮೊದಲಂತೆ. ಕೊನೆಯ ಭಾಗವನ್ನು ನೀನೇ ಮಾಡು ಎಂದು ಹೇಳಿ ಅವರು ಗಾಡಿ ಹತ್ತಿದರು.

ಆಪರೇಷನ್ ಆಯಿತು. ಮೊದಲ ದಿನಗಳಲ್ಲಿ ಏನೂ ಹೇಳುವಂತಿರಲಿಲ್ಲ. ಮನೆಗೆ ಬಂದ ಮೇಲೂ ಕಣ್ಣಿನ ಒಳಭಾಗ ಮಾಯುವವರೆಗೆ ಅವರು ತಲೆ ತಗ್ಗಿಸಿಯೇ ಇರಬೇಕಿತ್ತು, ಬೆಳಕು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಆಕೆ ಆ ಕೋಣೆಯಲ್ಲಿ ಕೂತು ಕೊನೆಯ ಭಾಗವನ್ನು ಮುಗಿಸಿದರು. ದೊಡ್ಡ ರ‍್ಯಾಮ್ ಜೋಡಿ ಬಂದಾಗ ನಾನು ಹೋಗಿ ಹಾಕಿ, ಅದೇ ಬಿಸಿಲಿನಲ್ಲಿ ಪರೀಕ್ಷಿಸಿ ಬಂದೆ. ಲಾಮಾ ಅವರ ಉಪಕರಣ ಮುಂಡಗೋಡಕ್ಕೆ ಮರಳಿತು. ಡಾಕ್ಟರು ತಲೆ ಎತ್ತಬಹುದು ಎಂದು ಹೇಳಿ ಕೆಲವು ವಾರ ಕಳೆದ ಮೇಲೆ, ಮಳೆ ಹಿಡಿದ ಒಂದು ಮಧ್ಯಾಹ್ನ, ಆಕೆ ನನ್ನನ್ನು ಕರೆದರು.

ಮೂವರೇ ಕೂತು ನೋಡಿದೆವು. ಅವರು ಹಿಂದಿನಂತೆಯೇ ಗೇಣು ದೂರದಲ್ಲಿ ಕೂತಿದ್ದರು. ಅವರಿಗೆ ಏನು ಕಾಣುತ್ತಿದೆ, ಎಷ್ಟು ಕಾಣುತ್ತಿದೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಕೊನೆಯ ಭಾಗ ಬಂತು. ಮರಗಳ ನಡುವೆ ನೀರು ತುಂಬಿಕೊಂಡು ಬಂತು. ಅವರು ಕೈಯೆತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದರು.

"ಇಲ್ಲಿ" ಎಂದು ನೆರಳಿನ ಅಂಚಿನ ಮೇಲೆ ಬೆರಳಿಟ್ಟರು. "ಇಲ್ಲಿ ಹಳದಿ ಒಂಚೂರು ಹೆಚ್ಚಾಗೈತಿ."

ನನ್ನ ಕಣ್ಣಿಗೆ ಏನೂ ತಿಳಿಯಲಿಲ್ಲ. ಆಕೆ ಅಳತೆಯ ಗೆರೆಗಳನ್ನು ತೆರೆದು ಅವರು ಬೆರಳಿಟ್ಟ ಜಾಗವನ್ನಷ್ಟೇ ಆರಿಸಿದರು. ಗೆರೆ ಹಳದಿಯ ಕಡೆಗೆ ಕೂದಲೆಳೆಯಷ್ಟು ವಾಲಿತ್ತು. ಆಕೆ ಅದನ್ನು ನೋಡಿದರು, ಆಮೇಲೆ ಅವರ ಮುಖ ನೋಡಿದರು.

"ಹೌದ್ರಿ. ಹೆಚ್ಚೈತಿ" ಎಂದರು. "ಕಡಿಮಿ ಮಾಡ್ಲೇನು?"

ಅವರು ಇನ್ನೂ ಸ್ವಲ್ಪ ಹೊತ್ತು ಆ ನೀರನ್ನೇ ನೋಡಿದರು. "ಬ್ಯಾಡ" ಎಂದರು. "ಅವತ್ತ ಮುಂಜಾನೆ ನೀ ಕಂಡದ್ದು ಹಂಗ ಇತ್ತು. ಇರ್ಲಿ."